ಉಪ್ಪಿನ ಗೋದಾಮಿನ ಜೈಲೂ ನನ್ನ ಮೂರು ಅರ್ಜಿಗಳೂ

ನಮ್ಮೂರಿನ ಕೋರ್ಟು ನನ್ನ ಕಾಲದಲ್ಲಿ ಮೂರು ಜಾಗ ಕಂಡಿತು. ಮೂರರ ಬಾಗಿಲಲ್ಲೂ ಒಂದು ಗಿಡ್ಡ ಮೇಜು, ಒಂದು ಮಸಿಕುಡಿಕೆ ಇಟ್ಟುಕೊಂಡು ಕೂತವನು ನಾನೊಬ್ಬನೇ. ಅರ್ಜಿ ಬರೆಯುವುದು ನನ್ನ ಕಸುಬು. ವಕೀಲನಾಗಬೇಕೆಂದು ಹೊರಟು, ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿ, ಒಳಗೆ ಹೋಗಲಾಗದಿದ್ದರೆ ಹೊರಗಾದರೂ ಕೂರೋಣ ಎಂದುಕೊಂಡವನು. ಮದುವೆಗೆ ಮೊದಲು ಹೆಣ್ಣಿನ ಕಡೆಯವರಿಗೆ "ಹುಡುಗ ಕೋರ್ಟಿನಲ್ಲಿದ್ದಾನೆ" ಎಂದಷ್ಟೇ ಹೇಳಲಾಗಿತ್ತು. ಅದು ಸುಳ್ಳಲ್ಲ. ಹೊಸ್ತಿಲಿನಿಂದ ಮೂರು ಮೊಳ ಈಚೆ ಎನ್ನುವುದನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಮೊದಲ ಕೋರ್ಟು ಇದ್ದದ್ದು ಹತ್ತಿ ಗೋದಾಮಿನ ಮಹಡಿಯಲ್ಲಿ. ಕೆಳಗೆ ಹತ್ತಿಯ ಮೂಟೆ, ಮೇಲೆ ನ್ಯಾಯ, ನಡುವೆ ಹದಿನೇಳು ಮೆಟ್ಟಿಲಿನ ಮರದ ಏಣಿ. ಗಾಳಿ ಬೀಸಿದರೆ ಹಲಗೆಗಳ ಸಂದಿಯಿಂದ ಹತ್ತಿಯ ಎಳೆ ಮೇಲೆದ್ದು ಸಾಕ್ಷಿಗಳ ಮೂಗು ಸೇರುತ್ತಿತ್ತು. ಪ್ರಮಾಣದ ಅರ್ಧಕ್ಕೆ ಸೀನಿದವನು ಮತ್ತೆ ಮೊದಲಿನಿಂದ ಪ್ರಮಾಣ ಮಾಡಬೇಕೋ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕೋ ಎಂದು ಇಬ್ಬರು ವಕೀಲರು ಒಂದು ಇಡೀ ಬೆಳಗು ವಾದಿಸಿದ್ದನ್ನು ನಾನು ಏಣಿಯ ಬುಡದಲ್ಲಿ ಕೂತು ಕೇಳಿದ್ದೇನೆ.

ಒಂದು ದಿನ ಏಳು ಜನ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಬಂತು. ಒಬ್ಬನಿಗೆ ಇನ್ನೊಬ್ಬನ ಮೇಲೆ ನಂಬಿಕೆಯಿಲ್ಲದ್ದರಿಂದ ಏಳೂ ಜನ, ಅವರ ಹೆಂಡಿರು, ಬೀಗರು, ಷಡ್ಡಕರು, ಎಲ್ಲರೂ ಮಹಡಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ತೊಲೆ ಲಟಕ್ಕೆಂದಿತು. ನೆಲ ಒಂದು ಮೊಳ ಕುಸಿದು, ಕೆಳಗಿದ್ದ ಮೂಟೆಗಳ ಮೇಲೆ ಕೂತು, ಅಲ್ಲೇ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಸದ್ದು ಕೇಳಿದ ಕೂಡಲೇ ನಾನು ಓಡಿದೆ. ರಸ್ತೆಯ ಆಚೆ ಬದಿ ಮುಟ್ಟಿ ತಿರುಗಿ ನೋಡಿದರೆ, ನನ್ನೆದುರು ಕೂತು ಅರ್ಜಿ ಬರೆಸುತ್ತಿದ್ದ ಮುದುಕಿ ಒಂದು ಕೈಯಲ್ಲಿ ನನ್ನ ಮಸಿಕುಡಿಕೆ, ಇನ್ನೊಂದರಲ್ಲಿ ನನ್ನ ಕನ್ನಡಕ ಹಿಡಿದು ನಿಧಾನವಾಗಿ ರಸ್ತೆ ದಾಟುತ್ತಿದ್ದಳು.

"ಮರೆತು ಬಂದ್ರಿ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೋರ್ಟು ನಾಟಕದ ಮಂದಿರಕ್ಕೆ ಹೋಯಿತು. ನಾಟಕ ಕಂಪನಿ ಊರು ಬಿಟ್ಟು ಎಷ್ಟೋ ವರ್ಷವಾಗಿ ಖಾಲಿ ಬಿದ್ದ ಕಟ್ಟಡ. ಮುನ್ಸಿಫರ ಕುರ್ಚಿ ರಂಗದ ಮೇಲೆ. ಹಿಂದಿನ ಗೋಡೆ ಬಿರುಕು ಬಿಟ್ಟದ್ದರಿಂದ ಅದನ್ನು ಮುಚ್ಚಲು ಅರಮನೆಯ ಉದ್ಯಾನದ ಪರದೆಯನ್ನು ಹಾಗೆಯೇ ಬಿಟ್ಟಿದ್ದರು. ಮುನ್ಸಿಫರ ಕಿವಿಯ ಪಕ್ಕ ಸದಾ ಒಂದು ನವಿಲು. ಟಿಕೆಟ್ ಕೊಡುವ ಕಿಂಡಿಯಲ್ಲಿ ಕಾಗದಪತ್ರ ದಾಖಲು. ಜನ ಹಳೆಯ ಅಭ್ಯಾಸದಂತೆ ಮುಂದಿನ ಸಾಲಿಗಾಗಿ ನೂಕಾಡುತ್ತಿದ್ದರು. ನನ್ನ ಮೇಜು ಆ ಕಿಂಡಿಯ ಕೆಳಗೆ. ಎಂಟು ವರ್ಷ ಅಲ್ಲಿ ಕೂತೆ.

ಆ ಮಂದಿರದ ಹಿಂದೆ ಮೂವತ್ತು ಹೆಜ್ಜೆ ದೂರದಲ್ಲಿ ಜೈಲು. ಹಿಂದೆ ಅದು ಉಪ್ಪಿನ ಗೋದಾಮು. ಎರಡು ತಲೆಮಾರು ಉಪ್ಪು ತುಂಬಿಟ್ಟು ಗೋಡೆಗಳಿಗೇ ಉಪ್ಪು ಏರಿತ್ತು. ತಂಡಿ ಹವೆಯಲ್ಲಿ ಗೋಡೆ ಬೆವರುತ್ತಿತ್ತು. ಹೊರಗಿನಿಂದ ದನಗಳು ಬಂದು ನೆಕ್ಕುತ್ತಿದ್ದವು. ಕಬ್ಬಿಣವಂತೂ ಅಲ್ಲಿ ಬಾಳುತ್ತಿರಲಿಲ್ಲ. ಆರು ತಿಂಗಳಿಗೊಂದು ಬೀಗ, ವರ್ಷಕ್ಕೊಂದು ಚಿಲಕ. ಪಹರೆಯವನು ಬೀಗಕ್ಕೆ ಎಣ್ಣೆ ಬಿಡುತ್ತ ಕೂತಿರುವುದನ್ನು ದಿನಾ ನೋಡುತ್ತಿದ್ದೆ. ಒಳಗೆ ಹೋಗಿ ನೋಡಬೇಕು ಅನ್ನಿಸಿರಲಿಲ್ಲ. ನನ್ನ ಅರ್ಜಿಗಳಿಂದ ಒಳಗೆ ಹೋದವರು ಇದ್ದರು. ಅದು ಅವರ ಪಾಡು ಎಂದುಕೊಂಡಿದ್ದೆ.

ಹೀಗಿರುವಾಗ ನಮ್ಮೂರಿಗೆ ಹೊಸ ಕೋರ್ಟು, ಹೊಸ ಜೈಲು ಎರಡೂ ಮಂಜೂರಾದವು. ಜಾಗ ಮಾತ್ರ ನಿಕ್ಕಿಯಾಗಿರಲಿಲ್ಲ. ಊರಿನಲ್ಲಿ ಎರಡು ಪೇಟೆ. ದಿಬ್ಬದ ಮೇಲಿರುವುದು ಮೇಲಿನ ಪೇಟೆ, ಬಸ್ ನಿಲ್ದಾಣದ ಸುತ್ತ ಇರುವುದು ಕೆಳಗಿನ ಪೇಟೆ. ಕೋರ್ಟು ನಮ್ಮ ಕಡೆಯೇ ಆಗಬೇಕೆಂದು ಎರಡೂ ಪೇಟೆ ತೊಡೆ ತಟ್ಟಿದವು. ನನ್ನ ಮನೆ ಕೆಳಗಿನ ಪೇಟೆಯಲ್ಲಿ, ಮಾವನ ಮನೆ ಮೇಲಿನ ಪೇಟೆಯಲ್ಲಿ.

ಮಾವ ನಿವೃತ್ತ ಹೆಡ್ ಮಾಸ್ತರು. ನನ್ನ ಕೆಲಸದ ನಿಜವಾದ ಅಳತೆ ಗೊತ್ತಾದ ದಿನದಿಂದ ನನ್ನ ಜೊತೆ ಅವರು ಮಾತಾಡುತ್ತಿದ್ದದ್ದು ಕಡಿಮೆ. ಅಂಥವರು ಒಂದು ಭಾನುವಾರ ತಾವೇ ನಮ್ಮ ಮನೆಗೆ ಬಂದು ಕೂತು, "ನಮ್ಮ ಪೇಟೆಯ ಪರವಾಗಿ ಒಂದು ಅರ್ಜಿ ಆಗಬೇಕಲ್ಲ. ನಿಮ್ಮ ಕೈಯಲ್ಲಿ ಒಂದು ಓಘ ಇದೆ ಅಂತ ಎಲ್ಲರೂ ಹೇಳ್ತಾರೆ," ಅಂದರು. ಹತ್ತು ವರ್ಷದಲ್ಲಿ ಮಾವನ ಬಾಯಿಂದ ಬಂದ ಮೊದಲ ಹೊಗಳಿಕೆ. ನಾನು ಉಬ್ಬಿಹೋದೆ. ಆ ಸಂಜೆಯೇ ಬರೆದುಕೊಟ್ಟೆ.

ಎರಡು ದಿನ ಬಿಟ್ಟು ಕೆಳಗಿನ ಪೇಟೆಯ ಕಬ್ಬಿಣದ ಅಂಗಡಿಯ ಸಾಹುಕಾರರು ಬಂದರು. "ನೀವು ನಮ್ಮ ಪೇಟೆಯವರು. ನಮಗೆ ಬರೆದುಕೊಡದೆ ಇನ್ಯಾರಿಗೆ ಬರೀತೀರಿ?" ಅಂದರು. ಆಗಲೇ ಬರೆದುಕೊಟ್ಟಾಯಿತು ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು, "ನಾಳೆ ಬೆಳಗ್ಗೆ ಸಿದ್ಧವಾಗಿರುತ್ತೆ."

ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿದ್ದಳು. "ಎರಡು ದೋಣಿಗೆ ಒಂದೊಂದು ಕಾಲು ಇಟ್ಟಿದ್ದೀರಿ. ಈಜು ಬರುತ್ತಾ?" ಎಂದು ಕೇಳಿದಳು.

"ಎರಡೂ ಬೇರೆ ಬೇರೆ ಲಕೋಟೆ. ಯಾರಿಗೆ ಗೊತ್ತಾಗುತ್ತೆ?" ಅಂದೆ.

ಬೇರೆ ಬೇರೆ ಬರೆಯಬೇಕೆಂದು ಪ್ರಯತ್ನಪಟ್ಟದ್ದೂ ನಿಜ. ಆದರೆ ಮೊದಲನೆಯ ಅರ್ಜಿ ನನಗೇ ಅಷ್ಟು ಹಿಡಿಸಿಬಿಟ್ಟಿತ್ತು, ಅದರ ಒಂದು ವಾಕ್ಯವನ್ನೂ ಬಿಡಲು ಮನಸ್ಸು ಬರಲಿಲ್ಲ. ಪೇಟೆಗಳ ಹೆಸರನ್ನು ಅದಲುಬದಲು ಮಾಡಿದೆ. ಮೆಟ್ಟಿಲಿದ್ದಲ್ಲಿ ಧೂಳು ಹಾಕಿದೆ, ಧೂಳಿದ್ದಲ್ಲಿ ಮೆಟ್ಟಿಲು.

ತಿಂಗಳೊಳಗೆ ಜಿಲ್ಲೆಯ ದೊಡ್ಡ ಜಡ್ಜ್ ಸಾಹೇಬರು ಜಾಗ ನೋಡಲು ಬಂದರು. ಬಡಕಲು ಮೈ, ನೆಗಡಿ ಹಿಡಿದ ಮೂಗು, ಮೆಲುದನಿ. ನಾಟಕದ ಮಂದಿರದಲ್ಲಿ ಸಭೆ ಸೇರಿತು. ಎಡಗಡೆ ಮೇಲಿನ ಪೇಟೆ, ಮುಂದಿನ ಸಾಲಿನಲ್ಲಿ ಮಾವ. ಬಲಗಡೆ ಕೆಳಗಿನ ಪೇಟೆ, ಮುಂದಿನ ಸಾಲಿನಲ್ಲಿ ಸಾಹುಕಾರರು. ಸಾಹೇಬರು ನವಿಲಿನ ಪಕ್ಕ ಕೂತು ಎರಡು ಕಾಗದ ಬಿಡಿಸಿದರು.

"ಮೇಲಿನ ಪೇಟೆಯವರ ಅರ್ಜಿ," ಎಂದು ಓದತೊಡಗಿದರು. "'ನಮ್ಮ ಪೇಟೆಯು ನ್ಯಾಯದೇವತೆಯ ಪಾದಗಳಿಗೆ ಧೂಳು ಸೋಕದಂಥ ಪ್ರಶಾಂತ ಸ್ಥಳವಾಗಿರುತ್ತದೆ. ಕೆಳಗಿನ ಪೇಟೆಯಾದರೋ ನಾಯಿ, ನೊಣ ಹಾಗೂ ನಾನಾ ಬಗೆಯ ಗದ್ದಲಗಳ ತವರಾಗಿರುತ್ತದೆ.'"

ಎಡಗಡೆಯವರು ಚಪ್ಪಾಳೆ ತಟ್ಟಿದರು. ಮಾವ ಕುತ್ತಿಗೆ ನೆಟ್ಟಗೆ ಮಾಡಿಕೊಂಡರು. ಸಾಹೇಬರು ಮೂಗು ಒರೆಸಿಕೊಂಡು ಇನ್ನೊಂದನ್ನು ಎತ್ತಿಕೊಂಡರು.

"ಇದು ಕೆಳಗಿನ ಪೇಟೆಯವರದು. 'ನಮ್ಮ ಪೇಟೆಯು ನ್ಯಾಯದೇವತೆಯ ಪಾದಗಳಿಗೆ ಮೆಟ್ಟಿಲು ಸೋಕದಂಥ ಪ್ರಶಾಂತ ಸ್ಥಳವಾಗಿರುತ್ತದೆ. ಮೇಲಿನ ಪೇಟೆಯಾದರೋ ಏದುಸಿರು, ಎದೆನೋವು ಹಾಗೂ ನಾನಾ ಬಗೆಯ ಏರುಗಳ ತವರಾಗಿರುತ್ತದೆ.'"

ಈ ಸಲ ಯಾರೂ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಕಿಂಡಿಯ ಕೆಳಗೆ ಇನ್ನಷ್ಟು ಕೆಳಗಾಗಲು ನೋಡಿದೆ.

"ಎರಡರಲ್ಲೂ ನ್ಯಾಯಾಲಯ ಅನ್ನೋ ಪದವನ್ನ 'ನ್ಯಯಾಲಯ' ಅಂತ ಬರೆದಿದೆ," ಎಂದರು ಸಾಹೇಬರು. "ಹನ್ನೊಂದು ಕಡೆ. ಬರೆದವರು ಇಲ್ಲಿದ್ದಾರಾ?"

ಹತ್ತು ವರ್ಷಕ್ಕೂ ಮೇಲೆ ನ್ಯಾಯಾಲಯದ ಬಾಗಿಲಲ್ಲಿ ಕೂತು ಆ ಪದಕ್ಕೆ ಒಂದು ದೀರ್ಘ ಕೊಡದೇ ಬಂದಿದ್ದೆ. ಯಾವ ಮುನ್ಸಿಫರೂ, ಯಾವ ವಕೀಲರೂ ಹೇಳಿರಲಿಲ್ಲ. ನನ್ನ ಅರ್ಜಿಗಳನ್ನು ಯಾರೂ ಪೂರ್ತಿ ಓದುತ್ತಿರಲಿಲ್ಲ ಎಂಬುದೂ ಆ ಗಳಿಗೆಯಲ್ಲೇ ಹೊಳೆಯಿತು. ಅವಮಾನಗಳಲ್ಲಿ ಯಾವುದು ಹೆಚ್ಚು ಎಂದು ಅಳೆಯುತ್ತ ಎದ್ದು ನಿಂತೆ. ಮಾವ ತಿರುಗಿ ನೋಡಿದರು. ಸಾಹುಕಾರರೂ ತಿರುಗಿ ನೋಡಿದರು. ಒಂದು ತಲೆಮಾರಿನಲ್ಲಿ ಎರಡೂ ಪೇಟೆಯವರು ಒಂದೇ ಕಡೆ ನೋಡಿದ್ದು ಅದೇ ಮೊದಲು.

"ಇವೆರಡರಲ್ಲಿ ಯಾವುದು ನಿಜ?" ಸಾಹೇಬರು ಕೇಳಿದರು.

"ಬರೆಯೋವಾಗ ಎರಡೂ ನಿಜ ಅಂತಲೇ ಅನ್ನಿಸಿತು, ಸ್ವಾಮಿ."

ಮಂದಿರ ಗೊಳ್ಳೆಂದಿತು. ಆ ರಂಗದ ಮುಂದೆ ಅಷ್ಟು ನಗೆ ನಾಟಕ ಕಂಪನಿಯ ಕಾಲದಲ್ಲೂ ಕೇಳಿರಲಿಕ್ಕಿಲ್ಲ. ಸಾಹೇಬರು ಮಾತ್ರ ನಗಲಿಲ್ಲ. "ಎರಡರಲ್ಲೂ ಇನ್ನೊಂದು ಮಾತು ಇದೆ. ಈಗಿನ ಜೈಲು ಭದ್ರವಾಗಿದೆ, ಆರೋಗ್ಯಕರವಾಗಿದೆ, ಅದನ್ನ ಹಾಗೇ ಇಟ್ಟುಕೊಂಡು ಎಲ್ಲ ಹಣವನ್ನೂ ಕೋರ್ಟಿಗೇ ಹಾಕಬಹುದು ಅಂತ. ನೀವು ಒಳಗೆ ನೋಡಿದ್ದೀರಾ?"

ನಾನು ನೋಡಿರಲಿಲ್ಲ. ಒಪ್ಪಿಕೊಂಡೆ.

"ಹಾಗಾದರೆ ನಾಳೆ ನನ್ನ ಜೊತೆ ಬನ್ನಿ. ನೋಡೋಣ."

ಮರುದಿನ ಬೆಳಗ್ಗೆ ಹತ್ತೂವರೆಗೆ ಜೈಲಿನ ಬಾಗಿಲಿಗೆ ಹೋದೆವು. ಸಾಹೇಬರು ನನ್ನ ಕೈಗೆ ಅಳತೆಯ ಪಟ್ಟಿ ಕೊಟ್ಟರು. "ಉದ್ದ, ಅಗಲ, ಕಿಟಕಿಯ ಎತ್ತರ. ಅಳೆದು ಹೇಳಿ." ಪಹರೆಯವನು ಬೀಗ ತೆಗೆದ. ನಾನು ಬಗ್ಗಿ ಒಳಗೆ ಕಾಲಿಟ್ಟೆ. ಹಿಂದೆಯೇ ಬಾಗಿಲು ಮುಚ್ಚಿತು, ಬೀಗ ಕಟಕ್ ಎಂದಿತು. ಯಾರಾದರೂ ಒಳಗೆ ಹೋದರೆ ಬೀಗ ಹಾಕಬೇಕು ಎಂಬುದು ಪಹರೆಯವನಿಗೆ ಹನ್ನೆರಡು ವರ್ಷದ ಅಭ್ಯಾಸ. ಸಾಹೇಬರು ತೆಗೆಯಲು ಹೇಳಿದರು. ಅವನು ಕೀಲಿ ತಿರುಗಿಸಿದ. ಅರ್ಧ ಕೀಲಿ ಅವನ ಕೈಯಲ್ಲಿ ಉಳಿಯಿತು, ಅರ್ಧ ಬೀಗದಲ್ಲಿ.

"ಕಮ್ಮಾರನ್ನ ಕರೆಸ್ತೀನಿ," ಎಂದು ಪಹರೆಯವನು ಹೊರಗಿನಿಂದ ಹೇಳಿದ. "ಆದ್ರೆ ಅವನು ಇವತ್ತು ಪಕ್ಕದೂರಿಗೆ ಹೋಗಿದ್ದಾನೆ. ನಾಲ್ಕು ಗಂಟೆ ಆಗಬಹುದು."

ಸಾಹೇಬರು ಬಾಗಿಲಿನ ಕಿಂಡಿಯಲ್ಲಿ ಇಣುಕಿದರು. "ನಿಧಾನವಾಗಿ ಅಳೀರಿ," ಅಂದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಜಾಗಗಳನ್ನು ನೋಡಲು ಹೊರಟರು.

ಒಳಗೆ ಒಬ್ಬನೇ ಕೈದಿ. ಬಾವಿ ತೋಡುವವನು. ಗೋಡೆಗೆ ಒರಗದೆ, ಕೋಣೆಯ ಸರಿಯಾದ ನಡುವೆ ಕೂತಿದ್ದ. ನಾನು ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಕಾರಣ ಗೊತ್ತಾಯಿತು. ಅಂಗಿ ಒದ್ದೆಯಾಯಿತು, ಆಮೇಲೆ ಉರಿಯಿತು. ಅವನ ಭುಜದ ಮೇಲೆ ಆ ಉರಿಯ ಹುಣ್ಣುಗಳು ಸಾಲಾಗಿ ಇದ್ದವು.

"ಇಲ್ಲಿ ಬನ್ನಿ," ಎಂದು ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದ. "ಅಗಾಧ ಜಲರಾಶಿ ಅಂತ ಬರೆದೋರು ನೀವೇ ತಾನೇ?"

ನನಗೆ ತಟ್ಟನೆ ನೆನಪಾಯಿತು. ಅವನು ಬಾವಿ ತೋಡುತ್ತಿದ್ದಾಗ ಗುತ್ತಿಗೆದಾರನೊಬ್ಬ ಸಾಕಷ್ಟು ನೀರು ಬರಲಿಲ್ಲವೆಂದು ಬೈದನಂತೆ. ಇವನು ಅವನನ್ನು ಬಾವಿಗೆ ತಳ್ಳಿದನಂತೆ. ಗುತ್ತಿಗೆದಾರ ನನ್ನ ಬಳಿ ಬಂದು ಸೊಂಟ ಹಿಡಿದುಕೊಂಡು ಹೇಳಿದ; ನಾನು ಬರೆದೆ. "ಅಗಾಧ ಜಲರಾಶಿಗೆ ನೂಕಿ ಪ್ರಾಣಾಪಹಾರಕ್ಕೆ ಯತ್ನಿಸಿದ್ದು." ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ, ಅಷ್ಟು ಚೆನ್ನಾಗಿ ಬಂದಿತ್ತು.

"ಮೊಣಕಾಲುದ್ದ ನೀರು, ಸ್ವಾಮಿ," ಎಂದ ಬಾವಿಯವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವನನ್ನ ತಳ್ಳಿದ್ದು ಹೌದು. ತಳ್ಳಬಾರದಿತ್ತು. ಆದ್ರೆ ಅವನು ಎದ್ದು ನಿಂತು ಬೈತಾನೇ ಇದ್ದ. ಕೋರ್ಟಲ್ಲಿ ನೀವು ಬರೆದದ್ದು ಓದಿದಾಗ ನನಗೇ ಗಾಬರಿ ಆಯ್ತು. ನಾನು ಯಾವ ಸಮುದ್ರ ತೋಡಿದೆ ಅಂತ."

"ಎಷ್ಟು ದಿನ ಕೊಟ್ಟರು?"

"ಆರು ತಿಂಗಳು. ಒಂದೂವರೆ ಆಗಿದೆ."

ನಾನು ಅಳತೆಯ ಪಟ್ಟಿ ಬಿಚ್ಚಿದೆ, ಮಡಿಸಿದೆ. ಮತ್ತೆ ಬಿಚ್ಚಿದೆ. ಮಾತಿಗೆ ಬಡತನವಿಲ್ಲದವನು ಅಂತ ಊರೆಲ್ಲ ಹೇಳುತ್ತಿದ್ದ ನಾನು, ಅರ್ಧ ಗಂಟೆ ಒಂದೇ ಗೋಡೆಯನ್ನು ಮತ್ತೆ ಮತ್ತೆ ಅಳೆದೆ. ಕೊನೆಗೆ ಅವನೇ ಕೇಳಿದ.

"ಹೊಸ ಕೋರ್ಟು ಎಲ್ಲಿ ಕಟ್ತಾರಂತೆ?"

ಹೇಳಿದೆ. ಎರಡೂ ಪೇಟೆಯ ಜಗಳ, ನನ್ನ ಎರಡು ಅರ್ಜಿ, ನಿನ್ನೆಯ ಸಭೆ, ಎಲ್ಲವನ್ನೂ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡೆ. ಅವನು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದ.

"ಮೇಲಿನ ಪೇಟೆ ಜಾಗದಲ್ಲಿ ನಾನು ಎರಡು ಸಲ ತೋಡಿದ್ದೀನಿ. ನಾಲ್ಕಡಿಗೆ ಬಂಡೆ. ಕಟ್ಟಡ ನಿಲ್ಲುತ್ತೆ, ಕುಡಿಯೋ ನೀರು ಸಿಗಲ್ಲ. ಕೆಳಗಿನ ಪೇಟೆ ಜಾಗ ಕಪ್ಪು ಮಣ್ಣು. ನೀರಿದೆ. ಆದ್ರೆ ಆ ಮಣ್ಣು ಬೇಸಿಗೆಗೆ ಬಾಯಿ ಬಿಡುತ್ತೆ, ಮಳೆಗೆ ಉಬ್ಬುತ್ತೆ. ಹತ್ತು ವರ್ಷದಲ್ಲಿ ಗೋಡೆ ಸೀಳುತ್ತೆ. ಎರಡಕ್ಕೂ ನಡುವೆ, ಹಳೇ ಇಟ್ಟಿಗೆ ಗೂಡಿನ ಹಿಂದೆ ಒಂದು ಜಾಗ ಇದೆ. ಗಟ್ಟಿ ಗರಸು, ಹರಳುಕಲ್ಲಿನ ಮಣ್ಣು. ಇಪ್ಪತ್ತು ಅಡಿಗೆ ಸಿಹಿ ನೀರು."

"ಆ ಜಾಗ ಯಾರಿಗೂ ಬೇಕಾಗಿಲ್ಲವಲ್ಲ."

"ಮಣ್ಣನ್ನ ಯಾರೂ ಕೇಳಲ್ಲ, ಸ್ವಾಮಿ."

ನಾಲ್ಕು ಗಂಟೆಗೆ ಬರಬೇಕಾದ ಕಮ್ಮಾರ ಐದಕ್ಕೆ ಬಂದ. ಅಷ್ಟರಲ್ಲಿ ಬಾವಿಯವನು ಊರಿನ ಕೆಳಗಿರುವ ಇನ್ನೊಂದು ಊರನ್ನೇ ನನಗೆ ತೋರಿಸಿದ್ದ: ಎಲ್ಲಿ ಬಂಡೆ, ಎಲ್ಲಿ ಜವಳು, ಯಾರ ಮನೆಯ ಕೆಳಗೆ ಒರತೆ. ನಲವತ್ತು ವರ್ಷ ನಾನು ನಡೆದಾಡಿದ ಊರು ಬರೀ ಮೇಲ್ಮೈ ಎಂದು ತಿಳಿಯಿತು. ನನ್ನ ಬರವಣಿಗೆಯ ಹಾಗೆ.

ಮರುದಿನ ಮೂರನೆಯ ಅರ್ಜಿ ಬರೆದೆ. ಯಾರೂ ಕೇಳಿರಲಿಲ್ಲ. ಉದ್ದ ಹನ್ನೆರಡು ಅಡಿ, ಅಗಲ ಒಂಬತ್ತು, ಕಿಟಕಿ ತಲೆಗಿಂತ ಮೇಲೆ ಎಂದು ಜೈಲಿನ ಅಳತೆ ಬರೆದೆ. ಗೋಡೆ ಸೋಕಿದರೆ ಚರ್ಮ ಹುಣ್ಣಾಗುತ್ತದೆ ಎಂದು ಬರೆದೆ. ಮೂರು ಜಾಗದ ಮಣ್ಣಿನ ವಿಷಯ ಬಾವಿಯವನು ಹೇಳಿದ ಹಾಗೆಯೇ ಬರೆದೆ, ಹೇಳಿದವನು ಯಾರೆಂದೂ ಬರೆದೆ. ಕೊನೆಗೆ, ಗುತ್ತಿಗೆದಾರನ ದೂರಿನಲ್ಲಿದ್ದ ಅಗಾಧ ಜಲರಾಶಿ ನನ್ನ ಸ್ವಂತ ಸೃಷ್ಟಿಯೆಂದೂ, ನೀರು ಮೊಣಕಾಲಿನಷ್ಟೇ ಇತ್ತೆಂದು ಕೈದಿ ಹೇಳುತ್ತಾನೆ, ಬಾವಿ ಇನ್ನೂ ಅಲ್ಲೇ ಇದೆ, ಇಳಿದು ನೋಡಬಹುದು ಎಂದೂ ಬರೆದು ಸಹಿ ಹಾಕಿದೆ. ಅರ್ಧ ಪುಟಕ್ಕೇ ಮುಗಿದುಹೋಯಿತು. ಅಷ್ಟು ಸಣ್ಣ ಅರ್ಜಿಯನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಕೊಡಲು ನಾಚಿಕೆಯಾಯಿತು.

ಸಾಹೇಬರು ನಿಂತಲ್ಲೇ ಓದಿದರು. "ಇದನ್ನ ನೀವೇ ಬರೆದಿರಾ?" ಎಂದು ಕೇಳಿದರು. ಹೌದೆಂದೆ. ಮಡಿಸಿ ಜೇಬಿಗೆ ಹಾಕಿಕೊಂಡು ಮೂಗು ಒರೆಸಿಕೊಂಡರು.

ಮೂರು ವಾರದ ಮೇಲೆ ಯಾರೋ ಬಂದು ಬಾವಿ ಅಳೆದು ಹೋದರು. ಅದಾಗಿ ಹದಿನೈದು ದಿನಕ್ಕೆ ಬಾವಿಯವನ ಬಿಡುಗಡೆಯಾಯಿತು. ಮತ್ತೆರಡು ತಿಂಗಳಿಗೆ ಹೊಸ ಕೋರ್ಟು, ಜೈಲು ಎರಡೂ ಇಟ್ಟಿಗೆ ಗೂಡಿನ ಹಿಂದಿನ ಗರಸು ನೆಲದಲ್ಲಿ ಎಂದು ಆಜ್ಞೆ ಬಂತು.

ಎರಡೂ ಪೇಟೆಯವರಿಗೆ ನಾನು ಮೂರನೆಯ ಅರ್ಜಿ ಕೊಟ್ಟದ್ದು ಹೇಗೋ ತಿಳಿಯಿತು. ಹೇಗೋ ಏನು, ಹೆಂಡತಿಗೆ ನಾನೇ ಹೆಮ್ಮೆಯಿಂದ ಹೇಳಿದ್ದೆ, ಅವಳು ತಾಯಿಗೆ ಹೇಳಿದಳು. ಆಮೇಲಿನ ನಾಲ್ಕು ತಿಂಗಳು ನನ್ನ ಮೇಜಿನ ಮುಂದೆ ಒಂದು ನೊಣವೂ ಕೂರಲಿಲ್ಲ. ಮೇಲಿನ ಪೇಟೆಯಲ್ಲಿ ನನ್ನನ್ನು 'ಕೆಳಗಿನವರ ಬಾಲ' ಎಂದರು, ಕೆಳಗಿನ ಪೇಟೆಯಲ್ಲಿ 'ಮಾವನ ಮನೆಯ ಅಳಿಯ' ಎಂದರು. ಎರಡನೆಯದು ನಿಜವೇ ಆದ್ದರಿಂದ ತಕರಾರು ಮಾಡಲೂ ಆಗಲಿಲ್ಲ. ಮಾವ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಹೆಂಡತಿ ತಾನೇ ವಾರಕ್ಕೊಮ್ಮೆ ದಿಬ್ಬ ಹತ್ತಿ ಹೋಗಿ ಬರುತ್ತಿದ್ದಳು. ಬಂದು ಅವರು ಏನೆಂದರು ಎಂದು ಹೇಳುತ್ತಿರಲಿಲ್ಲ. ನಾನು ಕೇಳುವ ಧೈರ್ಯ ಮಾಡುತ್ತಿರಲಿಲ್ಲ.

ಆ ಖಾಲಿ ದಿನಗಳಲ್ಲಿ ನನ್ನ ಬಳಿ ಬರುತ್ತಿದ್ದವನು ಬಾವಿಯವನೊಬ್ಬನೇ. ಹೊಸ ಕೋರ್ಟಿನ ಬಾವಿಯ ಕೆಲಸ ಅವನಿಗೇ ಸಿಕ್ಕಿತ್ತು. ಮಧ್ಯಾಹ್ನ ಕೆಲಸ ಬಿಟ್ಟಾಗ ಬಂದು ಕೂತು, ಇಷ್ಟು ಅಡಿಯಾಯಿತು, ಇಂಥ ಮಣ್ಣು ಬಂತು ಎಂದು ವರದಿ ಒಪ್ಪಿಸುತ್ತಿದ್ದ. ನಾನು ಅವನ ಕ್ಷಮೆ ಕೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಒಂದು ದಿನ ಒಂದು ದೊಡ್ಡ ಮಾತು ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ಬಿಡಿ ಸ್ವಾಮಿ," ಎಂದು ಅವನು ನಡುವೆಯೇ ತಡೆದ. "ನೀವು ಶುರುಮಾಡಿದ್ರೆ ಮತ್ತೆ ಸಮುದ್ರಕ್ಕೇ ಹೋಗ್ತೀರಿ."

ಹತ್ತೊಂಬತ್ತು ಅಡಿಗೆ ನೀರು ಬಂತು. ಇಪ್ಪತ್ತು ಎಂದಿದ್ದೆನಲ್ಲ ಎಂದು ಅವನು ಎರಡು ದಿನ ಬೇಜಾರಿನಲ್ಲಿದ್ದ.

ಕಟ್ಟಡ ಮುಗಿಯಲು ಎರಡು ವರ್ಷ ಹಿಡಿಯಿತು. ಉದ್ಘಾಟನೆಗೆ ಬೇರೆ ಸಾಹೇಬರು ಬಂದರು. ನಮ್ಮ ನೆಗಡಿಯ ಸಾಹೇಬರಿಗೆ ವರ್ಗವಾಗಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮಾವನೂ ಸಾಹುಕಾರರೂ ಅಕ್ಕಪಕ್ಕ. ಸಾಹುಕಾರರು ಮಾತಾಡುತ್ತ, ಈ ಜಾಗವನ್ನು ತಾವೇ ಮೊದಲು ಗುರುತಿಸಿದ್ದೆಂದರು. ಮಾವ ಮಾತಾಡುತ್ತ, ಎರಡೂ ಪೇಟೆಯ ಹಿತಕ್ಕಾಗಿ ಇದೇ ತಕ್ಕ ಸ್ಥಳವೆಂದು ತಮಗೆ ಮೊದಲಿನಿಂದಲೂ ಅನ್ನಿಸಿತ್ತೆಂದರು. ನಾನೂ ಬಾವಿಯವನೂ ಹಿಂದೆ ಬಾವಿಯ ಕಟ್ಟೆಯ ಬಳಿ ನಿಂತಿದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ, ಸಾಕಷ್ಟು ಜೋರಾಗಿಯೇ. ಬಾವಿಯವನು ನನ್ನ ಕೈಗಳನ್ನು ನೋಡಿ ತಲೆ ಅಲ್ಲಾಡಿಸಿದ.

ಸಭೆ ಚದುರಿದ ಮೇಲೆ ಮಾವ ನಮ್ಮ ಕಡೆಗೇ ನಡೆದು ಬಂದರು. ಬೇರೆ ದಾರಿಯಿಲ್ಲದ್ದರಿಂದ ಬಂದರೋ, ಬೇಕೆಂದೇ ಬಂದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಬಾವಿಯೊಳಗೆ ಇಣುಕಿ ನೋಡಿದರು.

"ನೀರು ಹೇಗಿದೆ?" ಎಂದು ಬಾವಿಯವನನ್ನು ಕೇಳಿದರು.

"ಕುಡಿದು ನೋಡಿ, ಮೇಷ್ಟ್ರೇ," ಎಂದು ಅವನು ಕೊಡ ಇಳಿಸಿದ. ಮಾವ ಬೊಗಸೆಯಲ್ಲಿ ಕುಡಿದರು, ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮೇಜು ಎಲ್ಲಿ ಹಾಕ್ತೀರಿ ಇನ್ನು ಮೇಲೆ?" ಎಂದು ಕೇಳಿದರು.

"ವರಾಂಡದಲ್ಲಿ ಜಾಗ ಕೊಟ್ಟಿದ್ದಾರೆ, ಮಾವ. ಬಾಗಿಲಿನ ಎಡಕ್ಕೆ."

"ಬಲಕ್ಕೆ ಹಾಕಿಕೊಳ್ಳಿ. ಎಡಗಡೆ ಮಧ್ಯಾಹ್ನ ಬಿಸಿಲು ಬರುತ್ತೆ," ಎಂದು ಹೇಳಿ ದಿಬ್ಬದ ಕಡೆ ಹೊರಟರು.

ಬಲಕ್ಕೆ ಹಾಕಿಕೊಂಡೆ. ಬಿಸಿಲು ಬರುತ್ತಿದ್ದದ್ದು ಬಲಗಡೆಯೇ. ಆದರೂ ಆ ಮೇಜನ್ನು ಇಪ್ಪತ್ತಾರು ವರ್ಷ ಅಲ್ಲಿಂದ ಕದಲಿಸಲಿಲ್ಲ.